ಉಡುವವರು ಯಾರು?

ಒಂದು ಪೇಟೆಯಲ್ಲಿ ಒಬ್ಬ ಸೀರೆ ವ್ಯಾಪಾರಿ ಇದ್ದ. ಶ್ರೀಮಂತ ಅಂದರೆ ಶ್ರೀಮಂತ. ಆದರೆ ನೋಡಿ, ಅವನದೊಂದು ಪದ್ಧತಿ ಇತ್ತು. ಯಾರೇ ಬಂದು ಅಂಗಡಿಯ ಗಾದಿಯ ಮೇಲೆ ಕೂತರೂ ಮೊದಲೇ ಸೀರೆ ಬಿಚ್ಚಿ ತೋರಿಸುತ್ತಿರಲಿಲ್ಲ. "ಯಾರಿಗಮ್ಮ? ಉಡೋರು ಯಾರು?" ಅಂತ ಕೇಳುತ್ತಿದ್ದ. ಮಗಳಿಗೆ ಅಂದರೆ, "ಹಾಗಾದ್ರೆ ಅವಳನ್ನೇ ಕರ್ಕೊಂಡು ಬನ್ನಿ ತಾಯಿ. ಹೆಗಲ ಮೇಲೆ ಹಾಕಿ ನೋಡದೆ ನಾನು ಕೊಡಲ್ಲ" ಅಂತ ಕೈಮುಗಿಯುತ್ತಿದ್ದ. ವ್ಯಾಪಾರ ತಪ್ಪಿದರೂ ಸರಿ, ತನ್ನ ಸೀರೆ ಕೊಂಡವರ ಬೀರುವಿನಲ್ಲಿ ಮಡಿಚಿದಂತೆಯೇ ಉಳಿಯಬಾರದು. ಅಂಥ ತಿಳಿವಳಿಕಸ್ಥ.

ಈ ತಿಳಿವಳಿಕಸ್ಥನಿಗೆ ಒಬ್ಬಳೇ ಮಗಳು. ಓದಿನಲ್ಲಿ ಚುರುಕು, ಮಾತಿನಲ್ಲಿ ನಿಧಾನ. ಅವಳು ಬಾಯಿ ತೆರೆಯುವಷ್ಟರಲ್ಲಿ ಮನೆಯಲ್ಲಿ ಯಾರಾದರೂ ಆ ಮಾತನ್ನು ತಾವೇ ಮುಗಿಸಿಬಿಡುತ್ತಿದ್ದರು. ನಿಮ್ಮ ಮನೆಯಲ್ಲೂ ಇರಬೇಕಲ್ಲ, ಅಂಥದೊಂದು ಮಗು?

ಪಿಯುಸಿ ಮುಗಿಯಿತು. ಎರಡು ಕಡೆಯಿಂದ ಕರೆ ಬಂತು. ಒಂದು ಹೆಸರಾದ ದೊಡ್ಡ ವಿಶ್ವವಿದ್ಯಾಲಯ. ಅಂಕ ನೋಡಿ ಪೂರ್ತಿ ಸ್ಕಾಲರ್‌ಶಿಪ್ ಕೊಡುತ್ತೇವೆ ಅಂದರು. ಇನ್ನೊಂದು ಅಷ್ಟೇನೂ ಹೆಸರಿಲ್ಲದ ಕಡೆಯ ಆನರ್ಸ್ ವಿಭಾಗ. ಆರಿಸಿದ ಕೆಲವೇ ಮಕ್ಕಳು, ಆದರೆ ಫೀಸು ಕಟ್ಟಬೇಕು. ಅಪ್ಪನಿಗೆ ಫೀಸಿನ ಚಿಂತೆಯೇ? ಅಲ್ಲ ಸ್ವಾಮಿ. ಅವನಿಗೆ ಬೇಕಾಗಿದ್ದು 'ಸ್ಕಾಲರ್‌ಶಿಪ್' ಅನ್ನುವ ಆ ಹೆಸರು. ಮರುದಿನವೇ ಸರ್ಕಲ್ಲಿನಲ್ಲಿ ಮಗಳ ಫೋಟೊ ಹಾಕಿದ ಫ್ಲೆಕ್ಸ್ ಎದ್ದಿತು. ಬಂದ ಗಿರಾಕಿಗಳಿಗೆಲ್ಲ ಪೇಡ. ಪಕ್ಕದ ಅಂಗಡಿಯವರನ್ನು ಕೇಳಿದ, ಭಾವಮೈದುನನನ್ನು ಕೇಳಿದ, ಜ್ಯೋತಿಷಿಯನ್ನೂ ಕೇಳಿದ. ಯಾರನ್ನು ಕೇಳಲಿಲ್ಲ, ನೀವೇ ಹೇಳಿ.

ಕಾಲೇಜಿಗೆ ಒಪ್ಪಿಗೆ ತಿಳಿಸಬೇಕಾದ ದಿನ. ಮಗಳು ಅಪ್ಪನಿಗೆ ಊಟದ ಕ್ಯಾರಿಯರ್ ತಂದಳು. ಅಪ್ಪ ಗಿರಾಕಿಯೊಬ್ಬಳಿಗೆ ಹೇಳುತ್ತಿದ್ದ, "ಉಡೋಳು ಬರಲಿ ತಾಯಿ, ಆಮೇಲೆ ನೋಡೋಣ." ಆಕೆ ಎದ್ದು ಹೋದಳು. ಮಗಳು ಚಪ್ಪಲಿ ಬಿಟ್ಟು, ಅದೇ ಗಾದಿಯ ಮೇಲೆ ಬಂದು ಕೂತಳು.

"ಅಪ್ಪಾಜಿ, ನನ್ನನ್ನೂ ಕೇಳಿ."

"ಏನಂತ ಕೇಳ್ಲಿ ಪುಟ್ಟಿ?"

"ಎಲ್ಲರನ್ನೂ ಕೇಳ್ತೀರಲ್ಲ, ಅದೇ."

ಅಪ್ಪನಿಗೆ ನಗು. "ಯಾರಿಗಮ್ಮ? ಉಡೋರು ಯಾರು?"

"ನಾನು ಅಪ್ಪಾಜಿ. ಆ ಕಾಲೇಜಿಗೆ ಹೋಗೋಳು ನಾನು."

ಅಪ್ಪನ ನಗು ನಿಂತಿತು. ಏನೋ ಹೇಳಲು ಹೋದವನು ತಡೆದುಕೊಂಡು ಸುಮ್ಮನೆ ಕೂತ. ಮಗಳ ಮಾತಿಗೆ ಅವನು ಕಾದದ್ದು ಅವತ್ತೇ ಮೊದಲು. ನೋಡಿ, ಕಾದಾಗ ಮಾತು ಬಂತು.

"ಆ ದೊಡ್ಡ ಕ್ಲಾಸಲ್ಲಿ ನಾನು ಕೈ ಎತ್ತೋಷ್ಟರಲ್ಲಿ ಪಾಠ ಮುಂದೆ ಹೋಗಿರುತ್ತೆ. ಆನರ್ಸ್ ಕ್ಲಾಸ್ ನೋಡೋಕೆ ಹೋಗಿದ್ವಲ್ಲ, ಅಲ್ಲಿ ಒಂದು ಪ್ರಶ್ನೆ ಕೇಳ್ದೆ. ತಡವರಿಸ್ದೆ. ಆ ಮೇಡಮ್... ನಾನು ಮುಗಿಸೋವರೆಗೂ ಕಾದ್ರು ಅಪ್ಪಾಜಿ."

ಅಪ್ಪನ ಕಣ್ಣು ತುಂಬಿತು. ಯಾರೋ ಪರ ಊರಿನ ಮೇಡಮ್ ಕಾದಿದ್ದಾಳೆ, ತಾನು ಕಾದಿಲ್ಲ! ಸಂಜೆ ಅವನೇ ಏಣಿ ಹಾಕಿಸಿ ಫ್ಲೆಕ್ಸ್ ಬಿಚ್ಚಿದ. ಮಗಳು ಆನರ್ಸ್‌ಗೆ ಹೋದಳು. ಆ ಸ್ಕಾಲರ್‌ಶಿಪ್ ಪಟ್ಟಿಯಲ್ಲಿ ಅವಳ ನಂತರ ಇದ್ದ ಇನ್ಯಾವುದೋ ಮಗುವಿಗೆ ಹೋಯಿತು, ಬಹುಶಃ ಅದು ಬೇಕೇ ಬೇಕಾಗಿದ್ದ ಮಗುವಿಗೆ.

ತಾಯಂದಿರೇ, ಅಣ್ಣಂದಿರೇ, ಸ್ಕಾಲರ್‌ಶಿಪ್ ಬೇಡ ಅಂತ ನಾನು ಹೇಳುತ್ತಿಲ್ಲ. ಕೈಯಲ್ಲಿ ಕಾಸಿಲ್ಲದ ಮನೆಗೆ ಅದು ದೇವರೇ ಬಡಿಸಿದ ಅನ್ನ. ಲೆಕ್ಕ ಹಾಕಿ, ಹಾಕಲೇಬೇಕು. ಆದರೆ ಮಗುವನ್ನು ಕೇಳಿದ ಮೇಲೆ ಹಾಕಿ. ಒಂದು ಸೀರೆಗೆ ಇಷ್ಟು ವಿಚಾರಿಸುತ್ತೀರಿ, ಬಣ್ಣ ಒಪ್ಪುತ್ತದೋ, ಅಂಚು ಒಪ್ಪುತ್ತದೋ ಅಂತ. ಮಗುವಿನ ಬದುಕಿಗೆ ಅಷ್ಟೂ ಬೇಡವೇ?

ಇವತ್ತು ಇಲ್ಲಿಂದ ಮನೆಗೆ ಹೋಗುತ್ತೀರಿ. ಮಗುವಿನ ಪಕ್ಕ ಕೂರಿ. ಅಂಕ ಎಷ್ಟು ಅನ್ನಬೇಡಿ, ಪಕ್ಕದ ಮನೆಯವರ ಮಗ ಎಲ್ಲಿ ಸೇರಿದ ಅನ್ನಬೇಡಿ. "ನಿನಗೇನು ಬೇಕು ಕಂದ?" ಅಂತ ಕೇಳಿ. ಕೇಳಿದ ತಕ್ಷಣ ನೀವೇ ಉತ್ತರ ಹೇಳಿಬಿಡುತ್ತೀರಿ, ನನಗೆ ಗೊತ್ತು. ಬೇಡ. ಊಟ ಆರಿದರೂ ಆರಲಿ. ಮಗು ಮಾತು ಮುಗಿಸುವವರೆಗೆ ಕಾಯಿರಿ.