ಎರಡೂವರೆ ಮೇಷ್ಟ್ರು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಅತಿಥಿಗಳೇ, ನನ್ನನ್ನು ಬೀಳ್ಕೊಡಲು ಬಂದೂ ಹಿಂದಿನ ಸಾಲುಗಳನ್ನೇ ಹಿಡಿದಿರುವ ವಿದ್ಯಾರ್ಥಿಗಳೇ, ಸಭಿಕರೇ,

ನನ್ನನ್ನು ಹೊಗಳಿದವರು ಯಾರೂ ನನ್ನ ಅಡ್ಡಹೆಸರು ಹೇಳಲಿಲ್ಲ. ಸಂಕೋಚವೇಕೆ? ‘ಎರಡೂವರೆ ಮೇಷ್ಟ್ರು’ ಎಂದು ನನ್ನ ಎತ್ತರ ನೋಡಿ ಕರೆಯುತ್ತಾರೆಂದು ನೀವು ತಿಳಿದಿದ್ದೀರಿ. ಅಲ್ಲ. ಅದನ್ನು ಇಟ್ಟವಳು ನನ್ನ ತಂಗಿ.

ಅವಳಿಗೆ ಭೌತಶಾಸ್ತ್ರ ಹೇಳಿಕೊಟ್ಟವನು ನಾನೇ. ವಸ್ತುವಿನ ವಿದ್ಯುದಾವೇಶವನ್ನು ಒಂದು ಎಲೆಕ್ಟ್ರಾನಿನ ಆವೇಶದಿಂದ ಭಾಗಿಸಿದರೆ ಎಲೆಕ್ಟ್ರಾನುಗಳ ಸಂಖ್ಯೆ ಸಿಗುತ್ತದೆ.

“ಅರ್ಧ ಬಂದ್ರೆ?” ಎಂದಳು.

“ಅರ್ಧ ಎಲೆಕ್ಟ್ರಾನ್ ಇರಲ್ಲ ಕಣೇ. ಲೆಕ್ಕವೇ ತಪ್ಪು ಅಂತ ಬರಿ.”

ಆ ವರ್ಷದ ಪಬ್ಲಿಕ್ ಪರೀಕ್ಷೆಯಲ್ಲಿ ಅಂಥದ್ದೇ ಲೆಕ್ಕ ಬಂತು. ಎಣ್ಣೆ ಹನಿಯ ಆವೇಶ ನಾಲ್ಕು, ಎಲೆಕ್ಟ್ರಾನಿನದು ಒಂದು ಪಾಯಿಂಟ್ ಆರು. ಹತ್ತರ ಘಾತ ಬಿಡಿ, ಎರಡಕ್ಕೂ ಒಂದೇ. ಭಾಗಿಸಿದರೆ ಎರಡೂವರೆ. ಮಾದರಿ ಉತ್ತರದಲ್ಲೂ ಅದನ್ನೇ ಅಚ್ಚು ಹಾಕಿಸಿದ್ದರು. ಮೌಲ್ಯಮಾಪನಕ್ಕೆ ಹೋದ ನಾನು ಆಕ್ಷೇಪಿಸಿದೆ. ಮುಖ್ಯಸ್ಥರು ನಕ್ಕರು: “ಮೇಷ್ಟ್ರೇ, ಪತ್ರಿಕೆ ರಾಶಿ ಬಿದ್ದಿದೆ. ನಿಮ್ಮ ಅರ್ಧ ಎಲೆಕ್ಟ್ರಾನನ್ನ ಮನೆಗೆ ಕರ್ಕೊಂಡು ಹೋಗಿ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಮಾದರಿ ಉತ್ತರಕ್ಕೆ ಒಪ್ಪಿ ಸಹಿ ಹಾಕಿದೆ. ಎರಡೂವರೆ ಎಂದವರಿಗೆಲ್ಲ ಎರಡೆರಡು ಅಂಕ ಕೊಟ್ಟೆ. ‘ಇಂಥ ಆವೇಶ ಇರಲಾರದು’ ಎಂದ ಒಂದೇ ಒಂದು ಪತ್ರಿಕೆಗೆ ಸೊನ್ನೆ ಸುತ್ತಿದೆ. ತಂಗಿಯ ಪತ್ರಿಕೆ ಬೇರೆ ಯಾರದೋ ಕೈಯಲ್ಲಿತ್ತು. ನಾನು ಹೇಳಿಕೊಟ್ಟಂತೆಯೇ ಬರೆದಿದ್ದಳು, ಅಲ್ಲೂ ಸೊನ್ನೆಯೇ. ಎರಡೇ ಅಂಕಕ್ಕೆ ಅವಳು ಫೇಲಾದಳು. ಮತ್ತೆ ಪರೀಕ್ಷೆಗೆ ಕೂರಲಿಲ್ಲ. ಬಟ್ಟೆ ಕಾರ್ಖಾನೆಯಲ್ಲಿ ಗುಂಡಿ ಹೊಲಿಯಲು ಹೋದಳು.

ವಿಜ್ಞಾನವನ್ನು ಬಹುಮತದಿಂದ ತೀರ್ಮಾನಿಸುವ ಪರೀಕ್ಷಾ ಮಂಡಳಿಯನ್ನು ಏನೆನ್ನಬೇಕು? ಹನ್ನೊಂದು ಪತ್ರ ಬರೆದೆ. ಒಂದಕ್ಕೂ ಉತ್ತರವಿಲ್ಲ. ಆದರೆ ಆ ಹನ್ನೊಂದರಲ್ಲೂ ನನ್ನ ಸಹಿಯ ಮಾತನ್ನು ನಾನು ಎತ್ತಲಿಲ್ಲ.

ನಾನು ಸಹಿ ಹಾಕಿದ್ದು ಅವಳಿಗೆ ಗೊತ್ತಾದ ದಿನ ಇದೇ ಶಾಲೆಯ ಗೇಟಿಗೆ ಬಂದಳು. ಮಕ್ಕಳ ಎದುರಿಗೇ ಕೇಳಿದಳು: “ಏನು ಎರಡೂವರೆ ಮೇಷ್ಟ್ರೇ, ಮನೇಲೊಂದು ಪಾಠ, ಅಲ್ಲೊಂದು ಪಾಠಾನಾ?” ಮಕ್ಕಳು ಹೆಸರನ್ನು ಹಿಡಿದುಕೊಂಡರು. ಅವಳು ಮತ್ತೆ ಅಣ್ಣ ಎಂದು ಕರೆದಿಲ್ಲ. ಇಪ್ಪತ್ತೊಂಬತ್ತು ವರ್ಷವಾಯಿತು.

ಸನ್ಮಾನಪತ್ರದಲ್ಲಿ ‘ತುಂಬು ಬದುಕು’ ಎಂದು ಬರೆದಿದ್ದೀರಿ. ಸಂತೋಷ. ಮನೆಯಲ್ಲಿ ನಾನೊಬ್ಬನೇ, ಎಷ್ಟು ಸಲ ಎಣಿಸಿದರೂ ಪೂರ್ಣಸಂಖ್ಯೆಯೇ ಬರುತ್ತದೆ.

ಹನ್ನೆರಡನೆಯ ಪತ್ರ ಈಗ ಜೇಬಿನಲ್ಲಿದೆ. ಇದು ಮಂಡಳಿಗಲ್ಲ, ತಂಗಿಗೆ. ಒಂದೇ ಸಾಲು: ‘ನಿನ್ನ ಉತ್ತರ ಸರಿ, ಸೊನ್ನೆ ನನ್ನದು.’

ಇಷ್ಟು ಹೊತ್ತು ಕೇಳಿಸಿಕೊಂಡಿರಿ, ಉಪಕಾರವಾಯಿತು. ಅಂಚೆ ಡಬ್ಬಿ ತೆರೆಯುವ ಹೊತ್ತಾಗಿದೆ, ಹೊರಡುತ್ತೇನೆ. ನಮಸ್ಕಾರ.