ಅಂಕಿಯಿಲ್ಲದ ಮಗ್ಗಿ ಚಾರ್ಟು

ಲೈಸೆನ್ಸ್ ಜೆರಾಕ್ಸ್ ಮಾಡಿಸಲು ಪ್ರಿಂಟಿಂಗ್ ಅಂಗಡಿಯ ಸಾಲಿನಲ್ಲಿ ನಿಂತು ಆಕಳಿಸುತ್ತಿದ್ದ ಡ್ರೈವರನ ಕಿವಿ, ಮುಂದಿದ್ದ ಹೆಡ್‌ಮಾಸ್ತರರ ದನಿ ಏರಿದ್ದೇ ನೆಟ್ಟಗಾಯಿತು. ಕೌಂಟರಿನ ಮೇಲೆ ಬಾಗಿಲಿನಷ್ಟು ದೊಡ್ಡ ಹಾಳೆ ಹರಡಿತ್ತು.

“ಏನ್ ಟೀಚರ್ ಇದು? ಮಗ್ಗಿ ಚಾರ್ಟು ಅಂದ್ರಿ, ಒಂದಂಕೀನೂ ಇಲ್ಲ! ಬರೀ ಸ್ವಿಚ್‌ಬೋರ್ಡ್ ಚಿತ್ರ!”

“ಮೂಲೇಲಿ ಗೋಡೆ ಒದ್ದೆಯಾದ ಕಲೇನೂ ಇದೆ ಸಾರ್.”

“ತಲೆ ನೆಟ್ಟಗಿದೆಯಾ ನಿಮಗೆ?”

“ಹಳೇ ಕ್ಲಾಸಲ್ಲಿ ಚಾರ್ಟು ವರ್ಷಪೂರ್ತಿ ಗೋಡೆ ಮೇಲಿತ್ತಲ್ಲ? ಏಳೆಂಟ್ಲ ಐವತ್ತಾರು ಸ್ವಿಚ್‌ಬೋರ್ಡ್ ಪಕ್ಕ. ಬಟ್ಟೆ ಮುಚ್ಚಿ ಕೇಳಿದ್ರೂ ಮಕ್ಕಳು ಆ ಕಡೆ ನೋಡಿ ಪಟ್ಟಂತ ಹೇಳೋರು. ಕೋಣೆ ಬದಲಾಯಿಸಿದ್ದೇ ತಡ, ಬೋಳು ಗೋಡೆ ನೋಡಿ ಕಣ್ಣುಕಣ್ಣು ಬಿಡ್ತಾರೆ.”

“ಹಾಗಾದ್ರೆ ಮಗ್ಗೀನೇ ಪ್ರಿಂಟ್ ಹಾಕ್ಸಿ!”

“ನಾಳೆ ಬರೋ ಇನ್ಸ್‌ಪೆಕ್ಟರು ಮಕ್ಕಳನ್ನ ಮಗ್ಗಿ ಕೇಳೋಕೆ ಮೊದಲು ಚಾರ್ಟನ್ನೇ ಕೀಳಿಸ್ತಾರೆ. ಸ್ವಿಚ್‌ಬೋರ್ಡ್ ಯಾರು ಕೀಳಿಸ್ತಾರೆ ಸಾರ್?”

“ಇಷ್ಟು ದಿನ ಕಲಿಸಿದ್ದು ಇದೇನಾ? ನಮ್ಮನ್ನ ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಹೇಳ್ತಿದ್ವಿ.”

“ಒಂಬತ್ತಾರ್ಲ ಎಷ್ಟು ಸಾರ್?”

ಹೆಡ್‌ಮಾಸ್ತರರು ಕತ್ತೆತ್ತಿ, ಅಂಗಡಿಯ ಬೋಳು ಗೋಡೆಯ ಮೇಲ್ಗಡೆ, ಎಡಮೂಲೆಯನ್ನು ಒಂದು ಗಳಿಗೆ ದಿಟ್ಟಿಸಿದರು.

“ಐವತ್ನಾಲ್ಕು.”

“ನಿಮ್ಮ ಕ್ಲಾಸಲ್ಲಿ ಅಲ್ಲೇನಿತ್ತು ಸಾರ್?”

ಹೆಡ್‌ಮಾಸ್ತರರು ಹಾಳೆಯನ್ನು ತಾವೇ ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು, ಟೀಚರ್ ಹಿಂದೆ ಮೆಟ್ಟಿಲಿಳಿದರು. ಬೀದಿಗೆ ಕಾಲಿಟ್ಟ ಮೇಲೆ ಅವರ ದನಿ ಡ್ರೈವರನಿಗೆ ಅಷ್ಟಿಷ್ಟೇ ಕೇಳಿಸಿತು.

“ಗಡಿಯಾರ ಕಣಮ್ಮಾ. ನಾಲ್ಕು ಹತ್ತಕ್ಕೆ ಕೆಟ್ಟು ನಿಂತಿತ್ತು.”