ಮಾವನ ಕತ್ತಿಯ ಅಲಗು

ಮ್ವೇಕಾ ಸಂತೆಯ ಬಳಿ ನಾನು ಇಲೇಬೋ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಮೂಟೆಗಳ ಮೇಲೆ ಒಬ್ಬ ಮುದುಕಿ ಮತ್ತು ಅವಳ ತಂಗಿಯ ಮಗ ಕೂತಿದ್ದರು. ಸತ್ತ ಸೋದರಮಾವನ ಪದವಿಯನ್ನು ಅರಸನಿಂದ ಪಡೆಯಲು ಅವನು ಮುಶೆಂಗೆಗೆ ಹೊರಟಿದ್ದ. ಸೊಂಟದಲ್ಲಿ ಮಾವನ ಕತ್ತಿ ಇತ್ತು.

"ಎಲ್ಲಿ, ತೆಗೆದು ತೋರ್ಸು ಮಿಕೋಬಿ."

"ಹಿಡಿ ಮಾವಂದೇ, ದೊಡ್ಡಮ್ಮ. ಮರದ ಅಲಗನ್ನ ಗೆದ್ದಲು ತಿಂದಿತ್ತು. ಕಮ್ಮಾರನ ಹತ್ರ ಕಬ್ಬಿಣದ್ದು ಹಾಕಿಸ್ದೆ."

"ನಿನ್ನ ಮಾವ ಮರದ್ದು ಯಾಕೆ ಕಟ್ಕೊಳ್ತಿದ್ದ, ಗೊತ್ತೇನೋ?"

"ಹಗುರ ಇರುತ್ತೆ ಅಂತ."

"ಬುದ್ಧಿವಂತ ನೀನು. ಜಗಳಕ್ಕೆ ಬಂದಿಲ್ಲ ಅಂತ ತೋರ್ಸೋಕೆ ಕಣೋ. ಇದನ್ನ ಸಿಕ್ಕಿಸ್ಕೊಂಡು ಅರಸನ ಮುಂದೆ ನಿಂತ್ರೆ ಏನಂತಾರೆ?"

"ಹಂಗಾದ್ರೆ ಮುಂದಿನ ತಿಂಗಳು ಹೋಗ್ತೀನಿ."

"ಅಷ್ಟರಲ್ಲಿ ಪದವಿ ಬೇರೆಯವರ ಪಾಲಾಗಿರುತ್ತೆ. ಇವತ್ತೇ ಹೋಗ್ತೀಯ."

ಅವಳು ಬುಟ್ಟಿಯೊಳಗಿಂದ ಮರಗೆಣಸಿನ ಮುದ್ದೆ ತಿರುವುವ ಅಗಲವಾದ ಮರದ ಸಟ್ಟುಗವನ್ನು ಎಳೆದಳು.

"ಇದರಲ್ಲಿ ಅಲಗು ಕೆತ್ಕೋ."

"ಮುದ್ದೆ ಸಟ್ಟುಗದಲ್ಲಾ? ನಗ್ತಾರೆ ದೊಡ್ಡಮ್ಮ."

"ನಗ್ಲಿ ಬಿಡು. ಮೂವತ್ತು ವರ್ಷ ನಿನ್ನ ಮಾವನ ಮನೆಗೆ ಬಂದೋರಿಗೆಲ್ಲ ಉಣ್ಣೋಕೆ ಇಕ್ಕಿದ ಮರ ಇದು. ಯಾರ ಮೇಲೂ ಎತ್ತಿಲ್ಲ, ನಿನ್ನ ಬೆನ್ನೊಂದು ಬಿಟ್ರೆ."

"ಕೆತ್ತೋಕೆ ಉಳಿ ಎಲ್ಲಿದೆ?"

"ಕೈಯಲ್ಲಿ ಏನು ಹಿಡ್ಕೊಂಡಿದ್ದೀಯ?"

ಅವನು ತನ್ನ ಹೊಸ ಕಬ್ಬಿಣದ ಅಲಗನ್ನು ನೋಡಿ, ಸಟ್ಟುಗವನ್ನು ಕೈಗೆತ್ತಿಕೊಂಡ. ಅಷ್ಟರಲ್ಲಿ ಮುಶೆಂಗೆಯ ಲಾರಿ ಬಂತು. ಇಬ್ಬರೂ ಹತ್ತಿದರು.

ಲಾರಿ ತಿರುವು ದಾಟುವ ಮೊದಲೇ ಅದರ ಹಿಂಬದಿಯಿಂದ ಮರದ ಚಕ್ಕೆಗಳು ರಸ್ತೆಗೆ ಉದುರತೊಡಗಿದವು.